ರಾಜರ್ಷಿಯ ರೀಲು, ನಮ್ಮೂರ ರೈಲು

ಜೂನ್ 4 ಬಂತೆಂದರೆ ನನ್ನ ಫೋನಿನ ವಾಟ್ಸ್‌ಆ್ಯಪ್ ಸ್ಟೇಟಸ್‌ಗಳಲ್ಲಿ ಒಂದೇ ಫೋಟೊ ಸಾಲಾಗಿ ಬರುತ್ತದೆ. ಮೈಸೂರು ಪೇಟ, ಶಾಂತ ಮುಖ, ಕೆಳಗೆ ಬಂಗಾರದ ಬಣ್ಣದಲ್ಲಿ ‘ರಾಜರ್ಷಿ’. ಅದು ನಾಲ್ವಡಿ ಕೃಷ್ಣರಾಜ ಒಡೆಯರ್ ಹುಟ್ಟಿದ ದಿನ. ಹಿನ್ನೆಲೆಗೆ ಯಾವುದಾದರೂ ಸಿನಿಮಾದ ಮಾಸ್ ಸಂಗೀತ ಇರಲೇಬೇಕು. ಮರುದಿನ ಬೆಳಿಗ್ಗೆ ಹೊತ್ತಿಗೆ ಆ ಜಾಗದಲ್ಲಿ ಕ್ರಿಕೆಟ್ ಇರುತ್ತದೆ, ಇಲ್ಲವೇ ಯಾರದೋ ಬರ್ತ್‌ಡೇ ಕೇಕ್.

ಕಳೆದ ಸಲ ನಾನೂ ಸುಮ್ಮನಿರಲಿಲ್ಲ. ನಲವತ್ತೈದು ಸೆಕೆಂಡಿನ ಒಂದು ರೀಲ್ ಮಾಡಿದೆ. ಶಿವನಸಮುದ್ರದ ವಿದ್ಯುತ್, ಕನ್ನಂಬಾಡಿ ಕಟ್ಟೆ, 1913ರ ಮೈಸೂರು ಬ್ಯಾಂಕ್, 1915ರ ಕನ್ನಡ ಸಾಹಿತ್ಯ ಪರಿಷತ್ತು, 1916ರ ಮೈಸೂರು ವಿಶ್ವವಿದ್ಯಾಲಯ ಎಲ್ಲವನ್ನೂ ಪಟಪಟನೆ ಹೇಳಿ, ಕೊನೆಗೆ ‘ಇಂಥ ರಾಜ ಮತ್ತೆ ಹುಟ್ಟಲ್ಲ’ ಎಂದು ಮುಗಿಸಿದೆ. ಮಾಮೂಲಿಯಾಗಿ ನನ್ನ ರೀಲ್‌ಗಳನ್ನು ಇನ್ನೂರು ಜನ ನೋಡಿದರೆ ಅದೇ ದೊಡ್ಡದು. ಇದನ್ನು ಮೂರು ದಿನದಲ್ಲಿ ಹನ್ನೆರಡು ಸಾವಿರ ಜನ ನೋಡಿದರು. ಕ್ಯಾಂಟೀನಿನಲ್ಲಿ ಸೀನಿಯರ್‌ಗಳು ಗುರುತು ಹಿಡಿದು ಮಾತಾಡಿಸಿದರು. ಕಾಲು ನೆಲದ ಮೇಲೆ ಇರಲಿಲ್ಲ ಎಂದರೆ ಸುಳ್ಳಲ್ಲ.

ನನ್ನನ್ನು ಕೆಳಗಿಳಿಸಿದ್ದು ಗೌರಿಬಿದನೂರಿನ ನನ್ನ ಗೆಳತಿ. ಲ್ಯಾಬ್‌ನಲ್ಲಿ ಪಕ್ಕದ ಸಿಸ್ಟಂನಲ್ಲಿ ಕೂತಿದ್ದವಳು ರೀಲ್ ನೋಡಿ, ‘ಚೆನ್ನಾಗಿದೆ ಕಣೇ. ಆದ್ರೆ ನಮ್ಮ ವಿದುರಾಶ್ವತ್ಥ ಯಾಕೆ ಹಾಕಿಲ್ಲ?’ ಅಂದಳು.

ನಾನು ವಿದುರಾಶ್ವತ್ಥಕ್ಕೆ ಚಿಕ್ಕವಳಿದ್ದಾಗ ಹೋಗಿದ್ದೆ. ಗೌರಿಬಿದನೂರಿನ ಹತ್ತಿರ, ಉತ್ತರ ಪಿನಾಕಿನಿ ದಡದ ಊರು ಅದು. ವಿದುರನೇ ನೆಟ್ಟದ್ದೆಂದು ನಂಬುವ ಅಶ್ವತ್ಥ, ಅದರ ಸುತ್ತ ಎಣಿಸಲಾಗದಷ್ಟು ನಾಗರಕಲ್ಲು. ಅಮ್ಮ ಹಾಲೆರೆದು ಪ್ರದಕ್ಷಿಣೆ ಹಾಕಿದ್ದು ನೆನಪಿದೆ. ಹತ್ತಿರದಲ್ಲೇ ಇರುವ ಹುತಾತ್ಮರ ಸ್ಮಾರಕವನ್ನು ಮಾತ್ರ ನಾವು ನೋಡದೆ ಬಸ್ ಹತ್ತಿದ್ದೆವು. 1938ರ ಏಪ್ರಿಲ್ 25ರಂದು ಅಲ್ಲಿ ಧ್ವಜ ಸತ್ಯಾಗ್ರಹಕ್ಕೆ ಜನ ಸೇರಿದ್ದರು. ಅದಕ್ಕೆ ಎರಡು ವಾರ ಮೊದಲು ಮದ್ದೂರಿನ ಬಳಿಯ ಶಿವಪುರದಲ್ಲಿ ನಿಷೇಧ ಮುರಿದು ಬಾವುಟ ಹಾರಿಸಲಾಗಿತ್ತು. ವಿದುರಾಶ್ವತ್ಥದಲ್ಲಿ ಮೈಸೂರು ಸಂಸ್ಥಾನದ ಪೊಲೀಸರು ಗುಂಡು ಹಾರಿಸಿದರು. ಸತ್ತವರು ಹತ್ತು ಮಂದಿ ಎಂಬುದು ಸರ್ಕಾರದ ಲೆಕ್ಕ, ಮೂವತ್ತಕ್ಕೂ ಹೆಚ್ಚು ಎಂಬುದು ಜನರ ಲೆಕ್ಕ. ‘ದಕ್ಷಿಣದ ಜಲಿಯನ್‌ವಾಲಾಬಾಗ್’ ಎಂದು ಅದನ್ನು ಕರೆಯುತ್ತಾರೆ. ಆಗ ದಿವಾನರು ಸರ್ ಮಿರ್ಜಾ ಇಸ್ಮಾಯಿಲ್. ಸಿಂಹಾಸನದ ಮೇಲಿದ್ದವರು ನನ್ನ ರೀಲ್‌ನ ರಾಜರ್ಷಿಯೇ.

ಗುಂಡು ಹಾರಿಸಿದ್ದು ಪೊಲೀಸರು, ಮಹಾರಾಜರಲ್ಲ ಎಂದು ನಾನು ವಾದಿಸಿದೆ. ಗೆಳತಿ ಕೇಳಿದ ಪ್ರಶ್ನೆಗೆ ಈಗಲೂ ನನ್ನಲ್ಲಿ ಉತ್ತರವಿಲ್ಲ: ‘ಕರೆಂಟ್ ತಂತಿ ಎಳೆದವರೂ ಮಹಾರಾಜರಲ್ಲ ತಾನೇ? ದೀಪ ಹತ್ತಿದ್ದು ಅವರ ಲೆಕ್ಕಕ್ಕೆ ಬರುತ್ತೆ, ಗುಂಡು ಹಾರಿದ್ದು ಯಾಕೆ ಬರಲ್ಲ?’

ಆ ರಾತ್ರಿ ನಾನು ಬರೆದದ್ದನ್ನೆಲ್ಲ ಮತ್ತೆ ಪರಿಶೀಲಿಸಿದೆ. ದೀಪದ ಲೆಕ್ಕವೂ ನಾನು ಹೇಳಿದಷ್ಟು ಸುಲಭವಿರಲಿಲ್ಲ. ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿದದ್ದು 1902ರ ಜೂನ್ ಕೊನೆಯಲ್ಲಿ. ಹದಿನೆಂಟು ತುಂಬಿದ ನಾಲ್ವಡಿಯವರು ಆಡಳಿತ ವಹಿಸಿಕೊಂಡದ್ದು ಅದೇ ವರ್ಷದ ಆಗಸ್ಟ್ 8ರಂದು. ಅದಕ್ಕೂ ಮೊದಲು ರಾಜ್ಯ ನೋಡಿಕೊಳ್ಳುತ್ತಿದ್ದವರು ಅವರ ತಾಯಿ, ರೀಜೆಂಟ್ ಕೆಂಪನಂಜಮ್ಮಣ್ಣಿಯವರು. ಆ ಯೋಜನೆಯ ಹಿಂದೆ ನಿಂತವರು ದಿವಾನ್ ಶೇಷಾದ್ರಿ ಅಯ್ಯರ್. ಹನ್ನೆರಡು ಸಾವಿರ ಜನರಿಗೆ ನಾನು ತಾಯಿಯ ಕೆಲಸವನ್ನು ಮಗನ ಹೆಸರಿಗೆ ಬರೆದುಕೊಟ್ಟಿದ್ದೆ. ಒಬ್ಬರೂ ತಪ್ಪು ಅನ್ನಲಿಲ್ಲ. ತಪ್ಪು ಹುಡುಕುವ ಮೂಡಿನಲ್ಲಿ ಅಲ್ಲಿ ಯಾರೂ ಇರಲಿಲ್ಲ.

ಹಾಗಾಗಿ ಎರಡನೇ ರೀಲ್ ಮಾಡಿದೆ. ಮೊದಲನೆಯದರಲ್ಲಿ ಆದ ತಪ್ಪು ಒಪ್ಪಿಕೊಂಡೆ, ವಿದುರಾಶ್ವತ್ಥದ ಕತೆಯನ್ನೂ ಹೇಳಿದೆ. ನೋಡಿದವರು ಮುನ್ನೂರು ಚಿಲ್ಲರೆ. ಅವರಲ್ಲಿ ಅರ್ಧ ಜನ ‘ಉಂಡ ಮನೆಗೆ ಎರಡು ಬಗೆಯುವವಳು’ ಎಂಬ ಅರ್ಥದಲ್ಲಿ ಬೈದರು. ಇನ್ನರ್ಧ ಜನ ‘ನೋಡಿ, ನಿಮ್ಮ ರಾಜನ ಬಣ್ಣ ಬಯಲಾಯ್ತು’ ಎಂದು ಕುಣಿದರು. ಸತ್ತವರ ಬಗ್ಗೆ ಒಂದೇ ಒಂದು ಕಾಮೆಂಟ್ ಬರಲಿಲ್ಲ. ನಾನು ಹೇಳಹೊರಟದ್ದು ಎರಡು ಗುಂಪಿಗೂ ಬೇಕಿರಲಿಲ್ಲ.

ಹುಡುಗಾಟಕ್ಕೆ ಗೂಗಲ್ ಟ್ರೆಂಡ್ಸ್ ತೆರೆದೆ. ಡೇಟಾ ಓದುವ ನಮಗೆ ಗ್ರಾಫ್ ಕಂಡರೆ ಸಮಾಧಾನ. ಜನಪ್ರಿಯ ನಟರೊಬ್ಬರ ಹೆಸರಿನ ಪಕ್ಕ ಮಹಾರಾಜರ ಹೆಸರು ಹಾಕಿದೆ. ಮಹಾರಾಜರ ಗೆರೆ ನೆಲಕ್ಕೆ ಅಂಟಿಕೊಂಡಿತು. ಬೇಸರವಾಯಿತು. ಆಮೇಲೆ ಆ ಅಂಕಿಗಳ ಅರ್ಥ ನೆನಪಿಸಿಕೊಂಡೆ. ಟ್ರೆಂಡ್ಸ್ ಎಷ್ಟು ಜನ ಹುಡುಕಿದರು ಎಂದು ಹೇಳುವುದಿಲ್ಲ. ಆ ಅವಧಿಯಲ್ಲಿ ಅತಿ ಹೆಚ್ಚು ಆಸಕ್ತಿ ಇದ್ದ ಕ್ಷಣವನ್ನು 100 ಎಂದು ಇಟ್ಟುಕೊಂಡು ಉಳಿದದ್ದನ್ನೆಲ್ಲ ಅದಕ್ಕೆ ಹೋಲಿಸುತ್ತದೆ. ಪಕ್ಕದಲ್ಲಿ ಯಾರನ್ನು ನಿಲ್ಲಿಸುತ್ತೇವೆ ಎನ್ನುವುದರ ಮೇಲೆ ನಮ್ಮ ಎತ್ತರ. ಸೊನ್ನೆ ಬಂದರೂ ಯಾರೂ ಹುಡುಕಲಿಲ್ಲ ಎಂದಲ್ಲ, ಅಳೆಯುವಷ್ಟು ಹುಡುಕಲಿಲ್ಲ ಎಂದಷ್ಟೇ. ಮುಖ್ಯವಾಗಿ, ಯಾಕೆ ಹುಡುಕಿದರು ಎಂಬುದನ್ನು ಆ ಗೆರೆ ಹೇಳುವುದೇ ಇಲ್ಲ. ಜಗಳಕ್ಕೆ ಪುರಾವೆ ಹುಡುಕಿದವನೂ ಪರೀಕ್ಷೆಗೆ ಇಸವಿ ಹುಡುಕಿದವಳೂ ಅಲ್ಲಿ ಒಂದೇ.

ಕನ್ನಡದಲ್ಲಿ ಇದಕ್ಕೆ ಎರಡು ಬೇರೆ ಮಾತುಗಳಿವೆ. ಒಂದು ‘ಆಸಕ್ತಿ’, ಇನ್ನೊಂದು ‘ಹಿತಾಸಕ್ತಿ’. ಸಾರ್ವಜನಿಕ ಆಸಕ್ತಿ ಅಂದರೆ ಜನ ಯಾವುದರತ್ತ ನೋಡುತ್ತಿದ್ದಾರೆ ಎಂಬುದು. ಸಾರ್ವಜನಿಕ ಹಿತಾಸಕ್ತಿ ಅಂದರೆ ಜನರಿಗೆ ಯಾವುದರಿಂದ ಒಳ್ಳೆಯದಾಗುತ್ತದೆ ಎಂಬುದು. ನಮ್ಮ ಫೋನು ಮೊದಲನೆಯದನ್ನು ಸೆಕೆಂಡಿನ ಲೆಕ್ಕದಲ್ಲಿ ಅಳೆಯುತ್ತದೆ. ನಾಲ್ವಡಿಯವರ ಹೆಸರು ಇಷ್ಟು ಕಾಲ ಉಳಿದದ್ದು ಎರಡನೆಯದರಿಂದ. ಅವರ ಬಗೆಗಿನ ನಮ್ಮ ಆಸಕ್ತಿಯಿಂದ ಯಾರಿಗೆ ಏನು ಹಿತವಾಗುತ್ತಿದೆ ಎಂಬುದು ನನ್ನ ಪ್ರಶ್ನೆ.

ಕನ್ನಂಬಾಡಿ ಜಗಳವನ್ನೇ ತೆಗೆದುಕೊಳ್ಳಿ. ಆನ್‌ಲೈನಿನಲ್ಲಿ ಇದಕ್ಕೆ ಮೂರು ಬಣ. ಕಟ್ಟಿಸಿದ್ದು ನಾಲ್ವಡಿ ಎನ್ನುವವರು, ವಿಶ್ವೇಶ್ವರಯ್ಯ ಎನ್ನುವವರು, ಅಲ್ಲಿ ಸಿಕ್ಕ ಪರ್ಷಿಯನ್ ಶಾಸನ ತೋರಿಸಿ ಟಿಪ್ಪುವಿನದೇ ಮೊದಲ ಯೋಚನೆ ಎನ್ನುವವರು. 1911ರಲ್ಲಿ ಶುರುವಾಗಿ ಎರಡು ದಶಕ ನಡೆದ ಕೆಲಸದಲ್ಲಿ ಕಲ್ಲು ಹೊತ್ತವರ ಪರವಾಗಿ, ಮುಳುಗಿದ ಊರುಗಳ ಪರವಾಗಿ ಮಾತ್ರ ಬಣವಿಲ್ಲ. ತಮಾಷೆಯೆಂದರೆ ಈ ಜಗಳದಲ್ಲಿ ನಮ್ಮ ಕಡೆಯ ಹುಡುಗರೂ ಮೈಮೇಲೆ ಬಂದವರಂತೆ ಕಿತ್ತಾಡುತ್ತಾರೆ. ಕನ್ನಂಬಾಡಿಯ ಕಾಲುವೆ ನೀರು ಚಿಕ್ಕಬಳ್ಳಾಪುರಕ್ಕೂ ಬರುವುದಿಲ್ಲ, ಚಿಂತಾಮಣಿಗೂ ಬರುವುದಿಲ್ಲ. ವರ್ಷವಿಡೀ ಹರಿಯುವ ನದಿ ನಮಗಿಲ್ಲ. ನಮ್ಮದು ಕೆರೆ ಸೀಮೆ, ಈಗ ಸಾವಿರ ಅಡಿ ದಾಟಿದ ಬೋರ್‌ವೆಲ್ ಸೀಮೆ. ಬೆಂಗಳೂರಿನ ಹೆಬ್ಬಾಳ–ನಾಗವಾರ ಕಣಿವೆಯ ಕೊಳಚೆ ನೀರನ್ನು ಸಂಸ್ಕರಿಸಿ ನಮ್ಮ ಕೆರೆಗಳಿಗೆ ತುಂಬಿಸುತ್ತಾರೆ. ಆ ನೀರನ್ನು ಇನ್ನೊಂದು ಹಂತ ಶುದ್ಧೀಕರಿಸಬೇಕೆಂದು ಇಲ್ಲಿನ ಹಿರಿಯರು ವರ್ಷಗಳಿಂದ ಕೇಳುತ್ತಿದ್ದಾರೆ. ನೂರು ವರ್ಷದ ಹಿಂದಿನ ಅಣೆಕಟ್ಟು ಯಾರದೆಂದು ರಾತ್ರಿ ಎರಡು ಗಂಟೆವರೆಗೆ ಟೈಪ್ ಮಾಡುವ ನನ್ನ ಕ್ಲಾಸ್‌ಮೇಟ್‌ಗೆ ಅವನೂರಿನ ಕೆರೆಗೆ ಯಾವ ನೀರು ಬರುತ್ತಿದೆ ಎಂದು ಗೊತ್ತಿರಲಿಲ್ಲ. ಕೇಳುವವರೆಗೆ ನನಗೂ ಗೊತ್ತಿರಲಿಲ್ಲ.

ಹಾಗಾದರೆ ನಮ್ಮ ತಾಲ್ಲೂಕುಗಳಲ್ಲಿ ಆ ಕಾಲ ಏನು ಬಿಟ್ಟುಹೋಯಿತು? ಹುಡುಕಿದರೆ ಸಿಗುತ್ತದೆ, ಆದರೆ ಮಾಸ್ ಸಂಗೀತಕ್ಕೆ ಹೊಂದುವುದಿಲ್ಲ. 1910ರ ದಶಕದಲ್ಲಿ ಈ ಸೀಮೆಗೆ ಎರಡೂವರೆ ಅಡಿ ಅಗಲದ ಪುಟ್ಟ ರೈಲು ಹಳಿ ಬಂತು. ಆಗ ಬೌರಿಂಗ್‌ಪೇಟೆ ಎನ್ನುತ್ತಿದ್ದ ಬಂಗಾರಪೇಟೆಯಿಂದ ಕೋಲಾರ, ಶ್ರೀನಿವಾಸಪುರ, ಚಿಂತಾಮಣಿ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರ ದಾಟಿ, ನಂದಿಬೆಟ್ಟದ ಬುಡದಲ್ಲಿ ಸಾಗಿ ಬೆಂಗಳೂರು ಸೇರುವ ದಾರಿ. ನಮ್ಮಜ್ಜಿ ಅದನ್ನು ‘ಚಿಕ್ಕ ರೈಲು’ ಅಂತಲೇ ಕರೆಯುತ್ತಿದ್ದರು. ಕೋಲಾರ–ಚಿಕ್ಕಬಳ್ಳಾಪುರದ ನಡುವಿನ ಆ ಹಳಿ ಬ್ರಾಡ್‌ಗೇಜ್ ಆದದ್ದು 2013ರಲ್ಲಿ. ನಂದಿ ಹಾಲ್ಟ್‌ನ ಹಳೆಯ ನಿಲ್ದಾಣ ಈಗಲೂ ಇದೆ, ಫೋಟೊ ತೆಗೆಸಿಕೊಳ್ಳಲು ಬೆಂಗಳೂರಿನಿಂದ ಜನ ಬರುತ್ತಾರೆ. ಆ ಹಳಿಯ ಪಕ್ಕದಲ್ಲಿ ಬೆಳೆದ ನಾನು ಮಹಾರಾಜರ ಬಗ್ಗೆ ರೀಲ್ ಮಾಡುವಾಗ ಇನ್ನೂರು ಕಿಲೋಮೀಟರ್ ದೂರದ ಅಣೆಕಟ್ಟಿಗೆ ಹೋಗಿದ್ದೆ!

ಇನ್ನು ರೇಷ್ಮೆ. ನಮ್ಮಪ್ಪ ಶಿಡ್ಲಘಟ್ಟ ತಾಲ್ಲೂಕಿನಲ್ಲಿ ಒಂದೆಕರೆ ಹಿಪ್ಪುನೇರಳೆ ಇಟ್ಟುಕೊಂಡು ಹುಳು ಮೇಯಿಸುತ್ತಾರೆ. ಮೈಸೂರು ಸೀಮೆಯಲ್ಲಿ ರೇಷ್ಮೆ ಬೆಳೆಗೆ ಟಿಪ್ಪು ಕಾಲದಲ್ಲಿ ಉತ್ತೇಜನ ಸಿಕ್ಕಿತು, ನಾಲ್ವಡಿಯವರ ಕಾಲದಲ್ಲಿ 1912ರಲ್ಲಿ ಮೈಸೂರಿನಲ್ಲಿ ರೇಷ್ಮೆ ನೇಯ್ಗೆ ಕಾರ್ಖಾನೆ ಆಯಿತು, ಸ್ವಾತಂತ್ರ್ಯದ ನಂತರ ಸರ್ಕಾರದ ಗೂಡಿನ ಮಾರುಕಟ್ಟೆಗಳು ಬೆಳೆದವು. ಈಗ ಹರಾಜು ಮೊಬೈಲಿನಲ್ಲೇ ನಡೆಯುತ್ತದೆ. ಗೂಡು ತುಂಬಿದ ಚೀಲ ಇಳಿಸಿ, ಸ್ಕ್ರೀನ್ ಮೇಲೆ ರೇಟು ಬೀಳುವವರೆಗೆ ಅಪ್ಪ ಉಸಿರು ಬಿಗಿಹಿಡಿದು ನಿಲ್ಲುವುದನ್ನು ನಾನು ನೋಡಿದ್ದೇನೆ. ಆ ನಿಮಿಷದಲ್ಲಿ ಅವರಿಗೆ ಯಾವ ದೊರೆ ದೊಡ್ಡವನು ಎಂಬ ಪ್ರಶ್ನೆ ಇರುವುದಿಲ್ಲ. ಇನ್ನೂರು ವರ್ಷದಲ್ಲಿ ಒಬ್ಬರ ಮೇಲೊಬ್ಬರು ಕಟ್ಟಿದ ವ್ಯವಸ್ಥೆ ಈ ಕಂತಿನ ನನ್ನ ಫೀಸಿಗೆ ಆಗುತ್ತದೆಯೇ ಎಂಬುದಷ್ಟೇ ಇರುತ್ತದೆ. ಟಿಪ್ಪುವೋ ಒಡೆಯರೋ ಎಂದು ಆರಿಸಿಕೊಳ್ಳಲು ನನಗೆ ಹೇಳುವವರು ನಮ್ಮ ಮನೆಯ ಅನ್ನದಲ್ಲಿ ಯಾವ ಅಗುಳು ಯಾರದೆಂದು ಮೊದಲು ತೋರಿಸಲಿ.

ಇನ್ನೊಂದು ಆಯ್ಕೆಯನ್ನೂ ನನ್ನ ಮೇಲೆ ಹೇರುತ್ತಾರೆ. ಅದು ಇನ್ನೂ ಹತ್ತಿರದ್ದು. ಮುದ್ದೇನಹಳ್ಳಿ ಚಿಕ್ಕಬಳ್ಳಾಪುರದ ಪಕ್ಕದಲ್ಲೇ ಇದೆ. ವಿಶ್ವೇಶ್ವರಯ್ಯನವರ ಹೆಸರಿನ ವಿಶ್ವವಿದ್ಯಾಲಯದ ಸಿಲೆಬಸ್ಸನ್ನೇ ನಾನು ಓದುತ್ತಿದ್ದೇನೆ. ಅದೇ ಹೊತ್ತಿಗೆ ನನಗೆ ಸಿಇಟಿಯಲ್ಲಿ ಸೀಟು ಸಿಕ್ಕಿದ್ದು ಮೀಸಲಾತಿಯಲ್ಲಿ. ನಮ್ಮ ಮನೆಯಲ್ಲಿ ಪಿಯುಸಿ ದಾಟಿದವಳು ನಾನೇ ಮೊದಲು. ನಾಲ್ವಡಿಯವರು 1918ರಲ್ಲಿ ಲೆಸ್ಲಿ ಮಿಲ್ಲರ್ ಸಮಿತಿ ನೇಮಿಸಿದರು. ಸರ್ಕಾರಿ ಹುದ್ದೆಗಳಲ್ಲಿ ಹಿಂದುಳಿದ ಸಮುದಾಯಗಳಿಗೆ ಪಾಲು ಕೊಡಬೇಕೆಂದು ಮರುವರ್ಷ ಆ ಸಮಿತಿ ಹೇಳಿತು. ಈ ನೀತಿಯ ಬಗ್ಗೆ ಭಿನ್ನಾಭಿಪ್ರಾಯವಿದ್ದ ವಿಶ್ವೇಶ್ವರಯ್ಯನವರು 1918ರ ಕೊನೆಗೆ ದಿವಾನಗಿರಿ ಬಿಟ್ಟರು. ಆನ್‌ಲೈನಿನಲ್ಲಿ ಇದು ನಿತ್ಯದ ಕುಸ್ತಿ. ಒಬ್ಬರನ್ನು ಹೊಗಳಬೇಕಾದರೆ ಇನ್ನೊಬ್ಬರನ್ನು ತುಳಿಯಲೇಬೇಕು.

ನಾನು ಯಾರನ್ನು ತುಳಿಯಲಿ? ಇಬ್ಬರು ದೊಡ್ಡವರು ಒಂದು ವಿಷಯದಲ್ಲಿ ಒಪ್ಪಲಿಲ್ಲ. ಆರು ವರ್ಷ ಜೊತೆಗೆ ಕೆಲಸ ಮಾಡಿ, ಒಪ್ಪದಿದ್ದಾಗ ಒಬ್ಬರು ಹೊರಟುಹೋದರು. ಮೀಸಲಾತಿಯ ವಿಷಯದಲ್ಲಿ ನಾನು ಮಹಾರಾಜರ ಕಡೆ, ಏಕೆಂದರೆ ಆ ಬಾಗಿಲಿಲ್ಲದೆ ನಾನು ಈ ಬೆಂಚಿನ ಮೇಲೆ ಇರುತ್ತಿರಲಿಲ್ಲ. ಬೆಂಚಿನ ಮೇಲೆ ಕೂತ ಮೇಲೆ ಓದಬೇಕಾದ ಶಿಸ್ತನ್ನು ಮುದ್ದೇನಹಳ್ಳಿಯವರಿಂದ ಕಲಿಯಲು ನನಗೆ ಯಾವ ಮುಜುಗರವೂ ಇಲ್ಲ. ಇಷ್ಟು ಹೇಳಲು ನಲವತ್ತೈದು ಸೆಕೆಂಡು ಸಾಲದು ನಿಜ. ಅದಕ್ಕೇ ಈ ಪುಟಕ್ಕೆ ಬರೆಯುತ್ತಿದ್ದೇನೆ.

ಪಿಡಿಒ, ಎಫ್‌ಡಿಎ ಪರೀಕ್ಷೆಗೆ ಓದುತ್ತಿರುವ ಅಣ್ಣಂದಿರು, ಅಕ್ಕಂದಿರು ಇದನ್ನು ಓದಿ ನಗಬಹುದು. ಅವರಿಗೆ ಇವೆಲ್ಲ ಒಂದೊಂದು ಅಂಕದ ಪ್ರಶ್ನೆಗಳು. ಮಿಲ್ಲರ್ ಸಮಿತಿ ಯಾವಾಗ? ವಿದುರಾಶ್ವತ್ಥ ಯಾವ ತಾಲ್ಲೂಕು? ಪ್ರಜಾಪ್ರತಿನಿಧಿ ಸಭೆ ಎಂದು? 1881 ಎಂದು ನಿದ್ದೆಯಲ್ಲೂ ಹೇಳುತ್ತಾರೆ. ಆ ಮೂರನೇ ಪ್ರಶ್ನೆಯ ಬಗ್ಗೆ ಮಾತ್ರ ಸ್ವಲ್ಪ ನಿಲ್ಲೋಣ.

ನಾಲ್ವಡಿಯವರ ತಂದೆ ಚಾಮರಾಜೇಂದ್ರ ಒಡೆಯರ ಕಾಲದಲ್ಲಿ, ದಿವಾನ್ ರಂಗಾಚಾರ್ಲು ಇದ್ದಾಗ ಶುರುವಾದ ಸಭೆ ಅದು. ದಸರಾ ಹೊತ್ತಿಗೆ ತಾಲ್ಲೂಕುಗಳಿಂದ ಪ್ರತಿನಿಧಿಗಳು ಮೈಸೂರಿಗೆ ಹೋಗಿ ಕೂರುತ್ತಿದ್ದರು. ದಿವಾನರು ವರ್ಷದ ಲೆಕ್ಕ ಓದುತ್ತಿದ್ದರು. ಪ್ರತಿನಿಧಿಗಳು ಎದ್ದು ನಿಂತು ನಮ್ಮೂರಿಗೆ ರಸ್ತೆ ಬೇಕು, ಕೆರೆ ಒಡೆದಿದೆ, ಶಾಲೆ ಇಲ್ಲ ಎಂದು ಕೇಳುತ್ತಿದ್ದರು. ಕೇಳಿದ್ದೂ ಉತ್ತರವೂ ಅಚ್ಚಾಗುತ್ತಿತ್ತು. ಅದರ ಮಿತಿಯೂ ದೊಡ್ಡದೇ. ಆಸ್ತಿ, ಕಂದಾಯ, ಓದು ಇದ್ದವರಿಗೆ ಮಾತ್ರ ಅಲ್ಲಿ ಜಾಗ. ಸರ್ಕಾರವನ್ನು ಇಳಿಸುವ ಅಧಿಕಾರ ಸಭೆಗೆ ಇರಲಿಲ್ಲ. ಕೇಳಬಹುದಿತ್ತು, ತೀರ್ಮಾನಿಸುವಂತಿರಲಿಲ್ಲ. ತೀರ್ಮಾನಿಸುವ ಹಕ್ಕೂ ನಮಗೆ ಬೇಕು ಎಂದವರ ಕೈಯಲ್ಲಿ 1938ರಲ್ಲಿ ಬಾವುಟ ಇತ್ತು. ವಿದುರಾಶ್ವತ್ಥವನ್ನು ಬಿಟ್ಟು ರಾಜರ್ಷಿಯ ಕತೆ ಹೇಳಬಾರದು ಎನ್ನುವುದು ಇದಕ್ಕೇ. ಒಳ್ಳೆಯ ರಾಜನಿದ್ದರೂ ಪ್ರಜೆ ಪ್ರಜೆಯೇ, ನಾಗರಿಕನಲ್ಲ ಎಂಬುದನ್ನು ಆ ಜನ ಪ್ರಾಣ ಕೊಟ್ಟು ಹೇಳಿದರು. ಅಷ್ಟಾದ ಮೇಲೆ ಸರ್ದಾರ್ ಪಟೇಲರು, ಕೃಪಲಾನಿಯವರು ಬಂದು ಮಾತುಕತೆ ನಡೆದು ಬಾವುಟಕ್ಕೆ ಅನುಮತಿ ಸಿಕ್ಕಿತು.

‘ಇಂಥ ರಾಜ ಮತ್ತೆ ಹುಟ್ಟಲ್ಲ’ ಎಂದು ನಾನು ಬರೆದದ್ದಕ್ಕೆ ಈಗ ನಾಚಿಕೆಯಾಗುತ್ತದೆ. ರಾಜ ಮತ್ತೆ ಹುಟ್ಟಬೇಕಿಲ್ಲ. ನಾವು ಕೇಳುವವರಾಗಬೇಕು ಎಂದೇ ಇಷ್ಟೆಲ್ಲ ಆದದ್ದು. ನಮ್ಮ ಗ್ರಾಮ ಪಂಚಾಯಿತಿಯಲ್ಲಿ ವರ್ಷಕ್ಕೆ ಕನಿಷ್ಠ ಎರಡು ಗ್ರಾಮಸಭೆ ನಡೆಯಬೇಕು. ಅಲ್ಲಿಗೆ ಹೋಗಲು ಆಸ್ತಿ ಬೇಡ, ಡಿಗ್ರಿ ಬೇಡ, ಹದಿನೆಂಟು ದಾಟಿ ಮತದಾರರ ಪಟ್ಟಿಯಲ್ಲಿ ಹೆಸರಿದ್ದರೆ ಸಾಕು. ನಮ್ಮ ವಯಸ್ಸಿನವರು ಎಷ್ಟು ಜನ ಹೋಗಿದ್ದೇವೆ? ಮೈಸೂರಿಗೆ ಆಗಿನ ರಸ್ತೆಯಲ್ಲಿ ಹೋಗಿ ಕೆರೆಗೆ ಕಲ್ಲು ಕೇಳಿದವರ ಮೊಮ್ಮಕ್ಕಳು ನಾವು. ಪಂಚಾಯಿತಿ ಕಟ್ಟೆಗೆ ಹತ್ತು ನಿಮಿಷ ನಡೆಯುವುದಿಲ್ಲ.

ಆನ್‌ಲೈನ್ ಆಸಕ್ತಿಯೇ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ಹಳ್ಳಿಯ ಹುಡುಗಿಗೆ ಗ್ರಂಥಾಲಯ ದೂರ, ಫೋನು ಹತ್ತಿರ. ನಾಲ್ವಡಿಯವರ ಹೆಸರನ್ನು ಪಠ್ಯದ ಆಚೆ ನಾನು ಮೊದಲು ಕೇಳಿದ್ದೂ ಒಂದು ರೀಲ್‌ನಲ್ಲೇ. ಬೆಂಕಿ ಕಡ್ಡಿ ಗೀರಿದರೆ ತಪ್ಪಿಲ್ಲ, ಒಲೆ ಹಚ್ಚದೆ ಕಡ್ಡಿಯನ್ನಷ್ಟೇ ಗೀರುತ್ತಾ ಕೂತರೆ ಅಡುಗೆ ಆಗುವುದಿಲ್ಲ. ಹುಡುಕುವುದನ್ನು ಹುಡುಕಿ. ಆಮೇಲೆ ನಿಮ್ಮೂರಿಗೆ ಸಂಬಂಧಿಸಿದ ಒಂದು ಸಂಗತಿಯನ್ನಾದರೂ ಹೋಗಿ ನೋಡಿ ಬನ್ನಿ. ಕನ್ನಡ ವಿಕಿಪೀಡಿಯದಲ್ಲಿ ನಿಮ್ಮೂರಿನ ಪುಟ ತೆರೆದು, ತಪ್ಪಿದ್ದರೆ ಆಧಾರ ಕೊಟ್ಟು ತಿದ್ದಿ. ಚಿಕ್ಕ ರೈಲು ಕಂಡ ಅಜ್ಜಿಯ ಮಾತನ್ನು ರೆಕಾರ್ಡ್ ಮಾಡಿಟ್ಟುಕೊಳ್ಳಿ. ನಮ್ಮಜ್ಜಿಯದು ನಾನು ಮಾಡಲಿಲ್ಲ, ಈಗ ಅವರಿಲ್ಲ.

ಸೆಮಿಸ್ಟರ್ ಪರೀಕ್ಷೆ ಮುಗಿದ ಮೇಲೆ ನಾನೂ ಗೆಳತಿಯೂ ವಿದುರಾಶ್ವತ್ಥಕ್ಕೆ ಹೋದೆವು. ಈ ಸಲ ಸ್ಮಾರಕದ ಮುಂದೆ ನಿಂತು ಹೆಸರುಗಳನ್ನು ಓದಿದೆವು. ಫೋಟೊ ತೆಗೆದೆವು, ಹಾಕಲಿಲ್ಲ. ಅದಾದ ತಿಂಗಳಿಗೆ ನಮ್ಮೂರಿನ ಗ್ರಾಮಸಭೆಗೆ ಅಪ್ಪನ ಜೊತೆ ಹೋದೆ. ಕೈ ನಡುಗುತ್ತಿತ್ತು. ಎದ್ದು ನಿಂತು, ಕೆರೆಗೆ ಬರುತ್ತಿರುವ ನೀರಿನ ಪರೀಕ್ಷೆಯ ವರದಿಯನ್ನು ಪಂಚಾಯಿತಿ ಬೋರ್ಡಿಗೆ ಹಾಕಬೇಕು ಎಂದು ಕೇಳಿದೆ. ಹಿಂದಿನ ಸಾಲಿನಿಂದ ಯಾರೋ ‘ರೇಷ್ಮೆ ಎಂಕಟಪ್ಪನ ಮಗಳಾ ಇದು?’ ಅಂದರು. ಕಾರ್ಯದರ್ಶಿಯವರು ತಲೆಯೆತ್ತದೆ ನಡಾವಳಿ ಪುಸ್ತಕದಲ್ಲಿ ಬರೆದುಕೊಂಡರು.

ಅಲ್ಲಿದ್ದವರು ಎಲ್ಲ ಸೇರಿ ನಲವತ್ತು ಜನ. ವರದಿ ಇನ್ನೂ ಬೋರ್ಡಿಗೆ ಬಂದಿಲ್ಲ. ಮುಂದಿನ ಸಭೆಗೆ ಮತ್ತೆ ಹೋಗಿ ಕೇಳುತ್ತೇನೆ.